ಮೂರು ಗಂಟೆ ಇಪ್ಪತ್ತು ನಿಮಿಷ

ನನ್ನ ಹೆಂಡತಿಯನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದಾರದಕ್ಕ ಎಂದರೇ ಎಲ್ಲರಿಗೂ ಗೊತ್ತಾಗುವುದು. ಹೊಲಿಗೆಯವಳಿರಬೇಕು ಎಂದುಕೊಂಡು ಹರಿದ ಅಂಗಿ ಹಿಡಿದು ಬಂದವರೂ ಇದ್ದಾರೆ. ಅವರನ್ನು ಅವಳು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾಳೆ. ಅವಳ ದಾರ ಬಟ್ಟೆಗಲ್ಲ, ಭೂಮಿಗೆ.

ನಮ್ಮ ಮುಂದಿನ ಕೋಣೆಯ ಕಿಟಕಿ ಪಕ್ಕದ ಕಪಾಟಿನ ಮೇಲೆ ಒಂದು ಗ್ಲೋಬ್ ಇದೆ. ಅದರ ಕಾಲಿಗೆ ಬಿಳಿ ನೂಲು ಸುತ್ತಿಟ್ಟಿದ್ದಾಳೆ. ನೂಲಿನ ಉದ್ದಕ್ಕೂ ಸಮ ಅಂತರದಲ್ಲಿ ಗಂಟುಗಳು. ಒಂದು ಗಂಟಿನಿಂದ ಮುಂದಿನ ಗಂಟಿಗೆ ವಿಮಾನಕ್ಕೆ ಒಂದು ತಾಸಿನ ದಾರಿ. ದೂರದೂರಿನಲ್ಲಿ ಮಗಳೋ ತಮ್ಮನೋ ಇರುವವರು, ನಾಳೆ ಹೊರಡುವವರು, ಹೊರಡುವ ಯೋಚನೆಯೇ ಇಲ್ಲದೆ ಸುಮ್ಮನೆ ತಿಳಿದುಕೊಳ್ಳಬೇಕು ಎನ್ನುವವರು, ಎಲ್ಲರೂ ಬರುತ್ತಾರೆ. ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಾಳೆ. ನೂಲಿನ ಒಂದು ತುದಿಯನ್ನು ಈ ಊರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಆ ಊರಿನತ್ತ ಬಿಗಿಯಾಗಿ ಎಳೆಯುತ್ತಾಳೆ. ಎಳೆದಾಗ ನೂಲು ತಾನಾಗಿಯೇ ಜಾರಿ ಎಲ್ಲಕ್ಕಿಂತ ಹತ್ತಿರದ ದಾರಿಯಲ್ಲಿ ಹೋಗಿ ಕೂರುತ್ತದೆ. ಆಮೇಲೆ ಗಂಟು ಎಣಿಸುತ್ತಾಳೆ.

ಬ್ರೆಡ್ಡಿನಂಗಡಿಯವನು ಒಮ್ಮೆ ಜಗಳಕ್ಕೇ ನಿಂತಿದ್ದ.

"ಅಲ್ಲಕ್ಕಾ, ನನ್ನ ತಮ್ಮ ಇರೋದು ನೇರ ಪೂರ್ವಕ್ಕೆ. ನಿಮ್ಮ ದಾರ ಉತ್ತರಕ್ಕೆ ಹೋಗಿ ಮಂಜುಗಡ್ಡೆ ಮೇಲೆ ಹಾಯ್ದು ಬರ್ತಿದೆಯಲ್ಲ. ಪೈಲಟ್‌ಗೆ ತಲೆ ಕೆಟ್ಟಿದ್ಯಾ?"

"ನೀವು ಗೋಡೆ ನಕ್ಷೆ ನೋಡಿ ಹೇಳ್ತಿದೀರಿ. ವಿಮಾನ ಗೋಡೆ ಮೇಲೆ ಹಾರಲ್ಲಪ್ಪ, ಚೆಂಡಿನ ಮೇಲೆ ಹಾರುತ್ತೆ. ಬನ್ನಿ, ನೀವೇ ಎಳೀರಿ."

ಅವನು ಎಳೆದ. ನೂಲು ಅವನ ಮಾತನ್ನೂ ಕೇಳಲಿಲ್ಲ, ಉತ್ತರಕ್ಕೇ ಜಾರಿತು. ಆ ದಿನದಿಂದ ಅವನು ತನ್ನ ಗಿರಾಕಿಗಳಿಗೆಲ್ಲ ಇದನ್ನು ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಾ ತಿರುಗಿದ.

ಲೆಕ್ಕ ಹೇಳಿ ಕಳಿಸಿದಷ್ಟಕ್ಕೇ ಅವಳ ಕೆಲಸ ಮುಗಿಯುತ್ತಿರಲಿಲ್ಲ. ಹೋದವರು ತಿರುಗಿ ಬಂದರೆ, ಕೂರಲು ಕುರ್ಚಿ ಕೊಡುವುದಕ್ಕೆ ಮೊದಲೇ ವಿಚಾರಣೆ. ವಿಮಾನ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ಹೊತ್ತಿಗೆ ಇಳಿಯಿತು, ಕಿಟಕಿಯಲ್ಲಿ ಏನು ಕಂಡಿತು, ನೆಲ ಯಾವಾಗ ಬಂತು? ಪಾಪ, ಅವರು ನಿದ್ದೆಗೆಟ್ಟು ಬಂದಿರುತ್ತಿದ್ದರು. ಬಸ್ ಕಂಡಕ್ಟರ್ ತನ್ನ ಮಗಳ ಮನೆಗೆ ಹೋಗಿ ಬಂದಾಗ ಇವಳು ಆರು ತಾಸು ಅಂದದ್ದಕ್ಕೆ ಆರು ತಾಸು ಐದು ನಿಮಿಷ ಆಗಿತ್ತಂತೆ. ಅವಳು ವಾರವಿಡೀ ಆ ಐದು ನಿಮಿಷ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡಿದ್ದಳು. ನನಗೆ ಅನ್ನ ಬಡಿಸುತ್ತಾ, "ಇಳಿಯೋಕೆ ಮೊದಲು ಒಂದು ಸುತ್ತು ಹೊಡೆದಿರಬೇಕು ಅಲ್ವಾ?" ಅಂದಳು. ನಾನು ಹೂಂ ಅಂದೆ. ನನಗೇನು ಗೊತ್ತು?

ನೆಲದ ಮೇಲಿನ ದಾರಿಗಳಲ್ಲಿ ಅವಳ ಲೆಕ್ಕ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ನಮ್ಮ ಕಡಲು ದಾಟಿ ಹೋದವರು ಮಾತ್ರ ಯಾವಾಗಲೂ ಮೂರು ತಾಸು ಹೆಚ್ಚಿಗೆ ಹೇಳುತ್ತಿದ್ದರು. ಅದಕ್ಕೂ ಅವಳಲ್ಲಿ ಉತ್ತರವಿತ್ತು.

"ಎದುರುಗಾಳಿ," ಎನ್ನುತ್ತಿದ್ದಳು.

"ಹೋಗುವಾಗಲೂ ಎದುರುಗಾಳಿ, ಬರುವಾಗಲೂ ಎದುರುಗಾಳೀನಾ?" ಎಂದು ನಾನೊಮ್ಮೆ ಕೇಳಿದ್ದೆ.

"ಗಾಳಿಗೆ ಹೇಳೋರು ಕೇಳೋರು ಯಾರಿದಾರೆ ರೀ?" ಅಂದಳು. ಅಲ್ಲಿಗೆ ಆ ವಿಷಯ ಮುಗಿಯಿತು. ನಮ್ಮ ಮನೆಯಲ್ಲಿ ವಿಷಯಗಳು ಮುಗಿಯುವುದು ಹೀಗೆ.

ನಾವಿಬ್ಬರೂ ಗ್ಲೋಬ್ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಉದ್ದನೆಯ ಒಂದು ಕೋಣೆ, ಎರಡು ಸಾಲು ಮೇಜು, ಮೂಲೆಯಲ್ಲಿ ಅಂಟು ಕಾಯಿಸುವ ಒಲೆ. ಸುಣ್ಣದ ಪುಡಿ ಮೆತ್ತಿದ ಟೊಳ್ಳು ಚೆಂಡುಗಳು ಒಣಗಲೆಂದು ಗೋಡೆಯ ಗೂಟಗಳಲ್ಲಿ ಸಾಲಾಗಿ ಕೂತಿರುತ್ತಿದ್ದವು. ಭೂಮಿಯ ಚಿತ್ರ ಉದ್ದುದ್ದ ಚೂರುಗಳಾಗಿ ಅಚ್ಚಾಗಿ ಬರುತ್ತಿತ್ತು, ಎರಡೂ ತುದಿ ಚೂಪು, ನಡು ಅಗಲ. ಕಿತ್ತಳೆ ತೊಳೆಯ ಆಕಾರ ಇದ್ದದ್ದರಿಂದ ನಾವದನ್ನು ತೊಳೆ ಎಂದೇ ಕರೆಯುತ್ತಿದ್ದೆವು. ಒಂದು ಚೆಂಡಿಗೆ ಹನ್ನೆರಡು ತೊಳೆ. ಹೆಂಗಸರು ಅವನ್ನು ನೆನೆಸಿ, ಅಂಟು ಬಳಿದು, ಒಂದರ ಪಕ್ಕ ಒಂದು ಕೂರಿಸಿ, ಮೇಲೂ ಕೆಳಗೂ ದುಂಡನೆಯ ಕಾಗದದ ಟೋಪಿ ಅಂಟಿಸುತ್ತಿದ್ದರು. ಕೊನೆಗೆ ನನ್ನ ಬಳಿ ಬರುತ್ತಿತ್ತು. ನಾನು ವಾರ್ನಿಷ್ ಬಳಿಯುವವನು. ನನ್ನ ವಾರ್ನಿಷ್ ಒಣಗಿದ ಮೇಲೆ ತೊಳೆಗೂ ತೊಳೆಗೂ ನಡುವಿನ ಗೆರೆ ಉಗುರಿಗೂ ಸಿಗಬಾರದು, ಅದು ನನ್ನ ಹಟ. ಅದರ ಮೇಲೆ ಯಾರಾದರೂ ನೂಲು ಗೀಲು ಎಳೆದರೆ ಮೈಯೆಲ್ಲಾ ಉರಿಯುತ್ತಿತ್ತು. ಹಾಗಾಗಿ ದಿನಕ್ಕೆ ನಾಲ್ಕು ಗ್ಲೋಬ್ ಅಂಟಿಸುವವಳು ಕಾರ್ಖಾನೆಯಲ್ಲಿ ಒಂದನ್ನೂ ಅಳೆಯದೆ, ಮನೆಯ ಆ ಒಂದೇ ಗ್ಲೋಬಿನ ಮೇಲೆ ತನ್ನ ಲೆಕ್ಕವನ್ನೆಲ್ಲಾ ನಡೆಸಿದಳು. ಇದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದೇಕೆ.

ಆ ಗ್ಲೋಬ್ ಅವಳು ಕೆಲಸಕ್ಕೆ ಸೇರಿದ ಮೂರನೇ ವಾರ, ಮೊದಲ ಬಾರಿ ಒಬ್ಬಳೇ ಅಂಟಿಸಿದ್ದು. ಟೋಪಿಯ ಹತ್ತಿರ ಕಾಗದ ಮಡಿಕೆ ಬಿದ್ದಿತ್ತು, ಉತ್ತರದ ತುದಿಯಲ್ಲಿ ಒಂದು ದ್ವೀಪ ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ಮಾಲೀಕರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಯಾವ ಶಾಲೆಗೆ ಕೊಡೋಣಮ್ಮ? ಮನೆಗೆ ತಗೊಂಡೋಗು, ದಿನಾ ನೋಡ್ತಾ ಇರು, ಮುಂದಿನದು ಸರಿ ಮಾಡ್ತೀಯ," ಅಂದರು. ಅವಳ ಕಣ್ಣಲ್ಲಿ ನೀರಾಡಿತು. ನಾನು ಆಗಲೇ ಅವಳ ಮೇಲೆ ಕಣ್ಣಿಟ್ಟಿದ್ದವನು, ಯಾರೂ ಹೇಳದೆಯೇ ಅದಕ್ಕೆ ಎರಡು ಕೈ ವಾರ್ನಿಷ್ ಬಳಿದುಕೊಟ್ಟೆ. ಗ್ಲೋಬ್ ಕೈಗೆ ಯಾಕೋ ಕೊಂಚ ಹಗುರ ಅನ್ನಿಸಿತು. ಹೇಳಿ ಅವಳನ್ನು ಇನ್ನಷ್ಟು ಅಳಿಸುವುದು ಯಾಕೆ ಎಂದು ಸುಮ್ಮನಾದೆ.

ಅದಾಗಿ ಎರಡು ವರ್ಷಕ್ಕೆ ನಮ್ಮ ಮದುವೆ ನಿಶ್ಚಯವಾಯಿತು. ಅದೇ ತಿಂಗಳು ಅವಳ ಅಕ್ಕನಿಗೊಂದು ಪತ್ರ ಬಂತು. ಅಕ್ಕ ಕನ್ನಡಕದ ಗಾಜು ಉಜ್ಜುವವಳು, ಕೈ ಎಂಥದ್ದೆಂದರೆ ಊರಿನ ಕಣ್ಣಿನ ಡಾಕ್ಟರೆಲ್ಲ ಅವಳೇ ಉಜ್ಜಬೇಕು ಎನ್ನುತ್ತಿದ್ದರು. ಕಡಲಾಚೆಯ ಒಂದು ದೊಡ್ಡ ಕಾರ್ಖಾನೆ ಅವಳನ್ನು ಕರೆದಿತ್ತು. ಅವರಿಗೆ ಅಪ್ಪ ಇರಲಿಲ್ಲ, ಅಮ್ಮನ ಮಾತೇ ಕೊನೆ. ಅತ್ತೆಯಾಗಲಿದ್ದ ಆಕೆ ಟೀ ಲೋಟ ನನ್ನ ಕೈಗೆ ಕೊಟ್ಟು, ದೊಡ್ಡ ಮಗಳ ಕಡೆ ತಿರುಗಿ ಅಂದದ್ದು ಇಷ್ಟೇ: "ಬೆಳಿಗ್ಗೆ ಹೊರಟರೆ ಕತ್ತಲಾಗೋದ್ರೊಳಗೆ ನನ್ನ ಬಾಗಿಲಿಗೆ ಬರೋ ಹಾಗಿದ್ರೆ ಹೋಗು. ಅದಕ್ಕಿಂತ ದೂರ ಬೇಡ."

"ಅಳೆದರಾಯ್ತಲ್ಲಮ್ಮ," ಅಂದಳು ನನ್ನವಳು.

ಗ್ಲೋಬ್ ತಂದಳು. ನೂಲು ಎಳೆದಳು. ನಾವೆಲ್ಲ ಬಾಗಿ ನೋಡಿದೆವು. ಅಕ್ಕ ಮಾತ್ರ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ನಮ್ಮ ದಡ ಬಿಟ್ಟ ಒಂದು ಗಂಟಿಗೆ ಸಾಸಿವೆ ಚೆಲ್ಲಿದಂಥ ದ್ವೀಪಗಳು, ಅಲ್ಲಿಂದ ಏಳು ಗಂಟಿಗೆ ಅಕ್ಕನ ಊರು.

"ಏಳು ಸಾವಿರ ಕಿಲೋಮೀಟರ್. ಎಂಟು ತಾಸು. ಹತ್ತೋದು ಇಳಿಯೋದು ಅಂತ ನಾಲ್ಕು ತಾಸು ಸೇರಿಸಿದ್ರೂ ಹನ್ನೆರಡು. ಆರಕ್ಕೆ ಹೊರಟರೆ ಆರಕ್ಕೆ ಮನೇಲಿ."

ಅತ್ತೆ ತಾವೇ ಒಮ್ಮೆ ಗಂಟು ಎಣಿಸಿದರು. "ಸರಿ, ಹೋಗು," ಅಂದರು. ಅಕ್ಕ ಹೋದಳು.

ಅವಳು ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಬಂದು ಹೋಗುತ್ತಿದ್ದಳು. ಅಲ್ಲಿನ ಗಡಿಯಾರ ನಮಗಿಂತ ಏಳು ತಾಸು ಮುಂದೆ. ಬೆಳಗಿನ ಎಂಟಕ್ಕೆ ಅಲ್ಲಿ ವಿಮಾನ ಹತ್ತಿದವಳು ಅದೇ ದಿನ ನಮ್ಮ ಮಧ್ಯಾಹ್ನದ ಊಟಕ್ಕೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅತ್ತೆಗೆ ಅದೇ ಸಾಕಾಗಿತ್ತು. "ಕತ್ತಲಾಗೋದ್ರೊಳಗೆ ಬಂದ್ಲು ನೋಡು," ಎಂದು ಪಕ್ಕದ ಮನೆಯವರಿಗೆಲ್ಲ ಸಾರುತ್ತಿದ್ದರು. ನನ್ನವಳಿಗೆ ಅಷ್ಟು ಸಾಲದು. "ನಿಜವಾಗಿ ಗಾಳೀಲಿ ಎಷ್ಟು ಹೊತ್ತಿದ್ದೆ, ಅಕ್ಕ?" ಎಂದು ಪ್ರತಿ ಸಲ ಬೆನ್ನು ಬೀಳುತ್ತಿದ್ದಳು. ಅಕ್ಕ ಪ್ರತಿ ಸಲವೂ "ನಿದ್ದೆ ಬಂದುಬಿಟ್ಟಿತ್ತು ಕಣೇ, ನೋಡ್ಲಿಲ್ಲ," ಎನ್ನುತ್ತಿದ್ದಳು. ಇಷ್ಟು ನಿದ್ದೆಬಡುಕಿ ಗಾಜು ಹೇಗೆ ಉಜ್ಜುತ್ತಾಳಪ್ಪ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಹನ್ನೆರಡು ವರ್ಷದ ಹಿಂದೆ ಅತ್ತೆ ಹಾಸಿಗೆ ಹಿಡಿದರು. ಡಾಕ್ಟರು ಇನ್ನೊಂದು ದಿನ ಅಂದರು. ಸುದ್ದಿ ಮುಟ್ಟಿಸಿದೆವು. ಮಾರನೆಯ ಬೆಳಿಗ್ಗೆ ಅಕ್ಕನ ಜೊತೆ ಕೆಲಸ ಮಾಡುವವಳೊಬ್ಬಳು ಅಲ್ಲಿಂದ ಫೋನ್ ಮಾಡಿ, "ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ, ವಿಮಾನ ನಿಮ್ಮ ಗಡಿಯಾರದಲ್ಲಿ ಏಳು ಗಂಟೆಗೆ ಹೊರಡುತ್ತೆ," ಅಂದಳು. ನನ್ನ ಹೆಂಡತಿಗೆ ನೂಲು ಬೇಕಾಗಲಿಲ್ಲ. ಏಳಕ್ಕೆ ಎಂಟು ಸೇರಿದರೆ ಮೂರು, ಮನೆಗೆ ಬರಲು ಒಂದು ತಾಸು. ಹಾಸಿಗೆಯ ಪಕ್ಕ ಕೂತು, "ನಾಲ್ಕಕ್ಕೆ ಬರ್ತಾಳಮ್ಮ," ಅಂದಳು. ಅತ್ತೆ ತಲೆಯಾಡಿಸಿದರು. ಮೂರೂಮುಕ್ಕಾಲಿಗೆ ಇವಳು ಬಾಗಿಲು ತೆಗೆದಿಟ್ಟಳು. ಅತ್ತೆ ಆ ಬಾಗಿಲನ್ನೇ ನೋಡುತ್ತಿದ್ದರು. ನಾಲ್ಕಾಯಿತು, ನಾಲ್ಕೂವರೆ ಆಯಿತು. ಐದಕ್ಕೆ ಅತ್ತೆ ಹೋಗಿಬಿಟ್ಟರು.

ಅಕ್ಕ ಬಂದದ್ದು ಏಳೂವರೆಗೆ. ವಿಮಾನ ಇಳಿದದ್ದೇ ಆರು ಇಪ್ಪತ್ತಕ್ಕಂತೆ. ಚೀಲ ಇನ್ನೂ ಕೈಯಲ್ಲೇ ಇತ್ತು. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು: "ಮೂರು ಗಂಟೆ ಇಪ್ಪತ್ತು ನಿಮಿಷ. ಎಲ್ಲಿ ಕಳೆದೆ ಅಕ್ಕ?"

ಅಕ್ಕ ಅವಳ ಮುಖ ನೋಡಿದಳು. ಚೀಲದ ಬಾಯಿಗೆ ಕೈ ಹಾಕಿ, ಮತ್ತೆ ತೆಗೆದು ಒಳಗೆ ಹೋದಳು.

ಏಳರ ವಿಮಾನ ತಪ್ಪಿಸಿಕೊಂಡು ಮುಂದಿನದನ್ನು ಹತ್ತಿದ್ದಾಳೆ, ಅಮ್ಮ ಸಾಯುವ ಹೊತ್ತಲ್ಲೂ ಅವಳಿಗೆ ಅವಸರ ಇರಲಿಲ್ಲ ಎಂದು ಇವಳು ತೀರ್ಮಾನಿಸಿಬಿಟ್ಟಳು. ಎಂಟು ತಾಸಿನ ದಾರಿಗೆ ಹನ್ನೊಂದು ತಾಸು ಇಪ್ಪತ್ತು ನಿಮಿಷ ಹೇಗೆ ಹಿಡಿಯುತ್ತದೆ? ಎದುರುಗಾಳಿಯ ಮಾತು ಅಂದು ಅವಳ ಬಾಯಿಗೆ ಬರಲಿಲ್ಲ. ಸತ್ತ ಅಮ್ಮನ ಮುಂದೆ ಗಾಳಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ, ಅಕ್ಕನ ಮೇಲೆ ಸುಲಭ. ನಾನು ಬುದ್ಧಿ ಹೇಳಲು ಹೋಗಿ ಬೈಸಿಕೊಂಡೆ. ಆಮೇಲೆ ಹನ್ನೆರಡು ವರ್ಷ ಅಕ್ಕತಂಗಿಯರ ನಡುವೆ ವರ್ಷಕ್ಕೆರಡು ಫೋನ್. ಆರಾಮಾ? ಆರಾಮ. ಮಳೆ ಬಂತಾ? ಬಂತು. ಅಷ್ಟೇ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಹೀಗಾಗಿಬಿಟ್ಟರಲ್ಲ ಎಂದು ನನಗೆ ನಿಜವಾಗಿ ಸಂಕಟವಾಗುತ್ತಿತ್ತು.

ಹೋದ ವರ್ಷ ಅಕ್ಕ ಪತ್ರ ಬರೆದಳು. ಕೆಲಸದಿಂದ ಬಿಡುಗಡೆ ಆಯಿತು, ಇಬ್ಬರಿಗೂ ಟಿಕೆಟ್ ಮಾಡಿಸುತ್ತೇನೆ, ಒಂದು ಸಲ ಬಂದು ಹೋಗಿ ಎಂದು. ನನ್ನವಳು ಪತ್ರವನ್ನು ಮಡಿಸಿ ಗ್ಲೋಬಿನ ಕೆಳಗಿಟ್ಟಳು. ಎಂಟು ತಿಂಗಳು ಅದು ಅಲ್ಲೇ ಧೂಳು ತಿಂದಿತು.

ಅವಳನ್ನು ಎಬ್ಬಿಸಿದ್ದು ಅಕ್ಕನ ಪ್ರೀತಿಯಲ್ಲ, ಔಷಧಿ ಅಂಗಡಿಯವರ ಫೋನು. ಅವರು ಒಂದು ದಿನ ಮಾತಿಗೆ ಮಾತು ಬಂದು ಜೇಬಿನಿಂದ ಫೋನ್ ತೆಗೆದು ಒತ್ತಿ, ಅಕ್ಕನ ಊರಿನ ದೂರ ಓದಿಯೇಬಿಟ್ಟರು. "ಒಂಬತ್ತು ಸಾವಿರದ ಒಂಬೈನೂರು ಕಿಲೋಮೀಟರ್. ಹನ್ನೊಂದು ತಾಸು ಇಪ್ಪತ್ತು ನಿಮಿಷ. ನಿಮ್ಮ ಲೆಕ್ಕದಲ್ಲಿ ಎಷ್ಟಕ್ಕಾ?"

"ಎಂಟು," ಅಂದಳು.

"ಹಂಗಾದ್ರೆ ಫೋನ್ ತಪ್ಪಿರಬೇಕು ಬಿಡಿ," ಎಂದು ಅವರು ನಕ್ಕರು. ಒಳ್ಳೆಯ ಮನುಷ್ಯ, ಆದರೆ ಆ ನಗು ಬೇಕಿರಲಿಲ್ಲ.

ಅವತ್ತು ಅವಳು ಊಟ ಮಾಡಲಿಲ್ಲ. "ನಿಮ್ಮ ಫೋನು ಯಾವತ್ತಾದ್ರೂ ಒಂದು ತೊಳೆ ಅಂಟಿಸಿದೆಯಾ?" ಎಂದು, ಅಲ್ಲಿಲ್ಲದ ಔಷಧಿಯವರನ್ನು ಅಡುಗೆಮನೆಯಲ್ಲೇ ನಿಂತು ಬೈದಳು. ಆಮೇಲೆ ನನ್ನ ಎದುರು ಕುರ್ಚಿಯಲ್ಲಿ ಕೂತು ಮೆಲ್ಲಗೆ ಅಂದಳು:

"ರೀ, ಹನ್ನೊಂದು ಇಪ್ಪತ್ತರಲ್ಲಿ ಎಂಟು ಕಳೆದ್ರೆ?"

"ಮೂರು ಇಪ್ಪತ್ತು."

"ಅದೇ ಮೂರು ಇಪ್ಪತ್ತು." ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದಳು. "ಫೋನು ನಿಜ ಆದ್ರೆ ಅಕ್ಕ ವಿಮಾನ ತಪ್ಪಿಸಿಕೊಳ್ಲಿಲ್ಲ. ನಾನು ಅವಳಿಗೆ ಅಂದದ್ದು ಸುಳ್ಳಾಗುತ್ತೆ. ಅಷ್ಟೇ ಅಲ್ಲ, ಅಮ್ಮನಿಗೆ ಹೇಳಿದ್ದೂ ಸುಳ್ಳಾಗುತ್ತೆ. ಹನ್ನೊಂದಕ್ಕೆ ನಾಲ್ಕು ಸೇರಿದ್ರೆ ಹದಿನೈದು. ಹದಿನೈದು ಅಂದಿದ್ರೆ ಅಮ್ಮ ಅವಳನ್ನ ಕಳಿಸ್ತಾನೇ ಇರ್ಲಿಲ್ಲ."

"ಈಗ ಏನ್ಮಾಡೋಣ ಅಂತೀಯ?"

"ಟಿಕೆಟ್ ಮಾಡಿಸು ಅಂತ ಬರೀತೀನಿ. ನಾನೇ ಹೋಗಿ ಅಳೀಬೇಕು."

ಅಕ್ಕನನ್ನು ನೋಡಲು ಹೋಗುವುದಲ್ಲ, ದಾರಿಯನ್ನು ಅಳೆಯಲು ಹೋಗುವುದು! ಇಂಥವಳ ಜೊತೆ ನಾನು ಮೂವತ್ನಾಲ್ಕು ವರ್ಷ ಬಾಳಿದ್ದೇನೆ.

ಇಬ್ಬರಿಗೂ ಅದು ಮೊದಲ ವಿಮಾನ. ಹೆದರಿಕೆಯೆಲ್ಲ ನನ್ನ ಪಾಲಿಗೇ ಬಂತು. ಅವಳಿಗೆ ಭಯಪಡಲು ಪುರಸೊತ್ತೇ ಇರಲಿಲ್ಲ. ಕಿಟಕಿಯ ಸೀಟು ಹಿಡಿದಳು. ಎದುರಿನ ಚಿಕ್ಕ ಪರದೆಯಲ್ಲಿ ದೂರ, ಎತ್ತರ, ಉಳಿದ ಹೊತ್ತು ಎಲ್ಲ ಬರುತ್ತದೆ ಎಂದು ಪಕ್ಕದವರು ತೋರಿಸಿದ ಕೂಡಲೇ ಅದರ ಮೇಲೆ ಕರವಸ್ತ್ರ ಹೊದಿಸಿದಳು. ಕೈಗಡಿಯಾರವನ್ನು ನಮ್ಮೂರ ಹೊತ್ತಿಗೇ ಬಿಟ್ಟು, ಎಂಟು ಗಂಟಿನ ನೂಲನ್ನು ಮಡಿಲಲ್ಲಿ ಹರಡಿಕೊಂಡಳು. ಏಳು ಹತ್ತಕ್ಕೆ ಚಕ್ರ ನೆಲ ಬಿಟ್ಟಿತು. ಬಿಟ್ಟ ಕ್ಷಣ ನಾನು ಕಣ್ಣು ಮುಚ್ಚಿದೆ, ಅವಳು ಮೊದಲ ಗಂಟನ್ನು ಬೆರಳಿಗೆ ಸಿಕ್ಕಿಸಿಕೊಂಡಳು.

"ಎಂಟು ಹತ್ತಕ್ಕೆ ದ್ವೀಪ ಬರುತ್ತೆ ನೋಡಿ," ಅಂದಳು.

ದಡ ಹಿಂದೆ ಸರಿಯಿತು. ಕೆಳಗೆ ನೀಲಿ. ಎಂಟು ಹತ್ತಾಯಿತು. ನೀಲಿ. ನನ್ನನ್ನೂ ಎಳೆದು ಕಿಟಕಿಗೆ ಮೂಗು ತಾಗಿಸಿದಳು. ಮೋಡದ ಚೂರಿನ ನೆರಳು ಬಿಟ್ಟರೆ ಏನೂ ಇರಲಿಲ್ಲ. ಒಂಬತ್ತು ಹತ್ತು, ಆಗಲೂ ನೀಲಿ. ತಿಂಡಿಯ ತಟ್ಟೆ ಬಂತು, ಅವಳು ಮುಟ್ಟಲಿಲ್ಲ. ನಾನು ಎರಡನ್ನೂ ಮುಗಿಸಿದೆ. ತಟ್ಟೆ ಒಯ್ಯಲು ಬಂದ ಗಗನಸಖಿಯನ್ನು ನನ್ನವಳು ತಡೆದು ನಿಲ್ಲಿಸಿದಳು.

"ಅಮ್ಮಾ, ಇವತ್ತು ಎದುರುಗಾಳಿ ಜೋರಾಗಿದೆಯಲ್ವಾ?"

"ಇಲ್ಲಮ್ಮ. ಇವತ್ತು ಗಾಳಿ ಎದುರಿಂದಾನೂ ಇಲ್ಲ, ಹಿಂದಿನಿಂದಾನೂ ಇಲ್ಲ. ಒಂದು ನಿಮಿಷಾನೂ ತಡ ಆಗಿಲ್ಲ."

ಅವಳು ಹೋದ ಮೇಲೆ ನನ್ನ ಹೆಂಡತಿ ಮತ್ತೆ ಕಿಟಕಿಗೆ ತಿರುಗಿದಳು. ಮೂವತ್ತು ವರ್ಷ ದುಡಿಸಿಕೊಂಡ ಗಾಳಿ ಒಂದೇ ಮಾತಿಗೆ ಬಿದ್ದುಹೋಗಿತ್ತು. ಹತ್ತು ಹತ್ತು ಕಳೆಯಿತು, ಹನ್ನೊಂದು ಹತ್ತು ಕಳೆಯಿತು.

ಹನ್ನೊಂದೂವರೆಗೆ ದ್ವೀಪಗಳು ಬಂದವು. ನೀಲಿಯ ಮೇಲೆ ಸಾಸಿವೆ ಚೆಲ್ಲಿದ ಹಾಗೆಯೇ ಇದ್ದವು, ಒಂದೊಂದರ ಸುತ್ತಲೂ ಬಿಳಿ ನೊರೆಯ ಅಂಚು. ಒಂದು ತಾಸಿಗೆ ಬರಬೇಕಾದದ್ದು ನಾಲ್ಕು ತಾಸು ಇಪ್ಪತ್ತು ನಿಮಿಷಕ್ಕೆ ಬಂದಿತ್ತು.

"ಮೂರು ಇಪ್ಪತ್ತು," ಅಂದಳು. "ದಡಕ್ಕೂ ದ್ವೀಪಕ್ಕೂ ನಡುವೆ ಇಷ್ಟು ನೀರು ನನ್ನ ಗ್ಲೋಬಲ್ಲಿ ಇಲ್ಲ ಕಣ್ರೀ. ಇಷ್ಟು ನೀರನ್ನ ನಾನು ಅಂಟಿಸಿಲ್ಲ."

"ಅಂದ್ರೆ?"

"ಹನ್ನೆರಡರಲ್ಲಿ ಒಂದು ತೊಳೆ ಎಷ್ಟಗಲ? ಇದೇ ಅಗಲ. ಮೂರು ಗಂಟು, ಮೇಲೊಂದು ಚೂರು." ನೂಲನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು. "ಆವತ್ತು ಒಂದು ತೊಳೆ ಉಳಿದಿತ್ತು. ಬರೀ ನೀಲಿ, ಒಂದು ಚುಕ್ಕೆ ನೆಲಾನೂ ಇರ್ಲಿಲ್ಲ. ಹನ್ನೊಂದಕ್ಕೇ ಚೆಂಡು ತುಂಬಿಹೋಗಿತ್ತು. ನಾನು ಹೊಸಬಳು, ಒಂದು ಹೆಚ್ಚಿಗೆ ಕೊಟ್ಟಿರಬೇಕು ಅಂದ್ಕೊಂಡೆ. ಬೈಸ್ಕೋಬಾರದು ಅಂತ ಮಡಿಸಿ ಏಪ್ರನ್ ಜೇಬಿಗೆ ಹಾಕ್ಕೊಂಡೆ."

ಹನ್ನೊಂದಕ್ಕೇ ಚೆಂಡು ತುಂಬುವುದೆಂದರೆ? ಒಂದೇ ದಾರಿ ಇದೆ. ನಮ್ಮಲ್ಲಿ ಎರಡು ಅಳತೆಯ ಚೆಂಡು ಮಾಡುತ್ತಿದ್ದರು, ಗೂಟದ ಮೇಲೆ ಪಕ್ಕಪಕ್ಕದಲ್ಲೇ ಒಣಗುತ್ತಿದ್ದವು. ನೋಡಲು ಎರಡೂ ಒಂದೇ. ಇವಳು ಚಿಕ್ಕ ಚೆಂಡಿಗೆ ದೊಡ್ಡದರ ತೊಳೆ ಅಂಟಿಸಿದ್ದಳು. ಅದಕ್ಕೇ ತುದಿಯಲ್ಲಿ ಕಾಗದ ಹೆಚ್ಚಾಗಿ ಮಡಿಕೆ ಬಿದ್ದದ್ದು, ಅದಕ್ಕೇ ಉತ್ತರದ ಆ ದ್ವೀಪ ಕತ್ತರಿಸಿ ಹೋದದ್ದು. ಮಡಿಕೆ ನೋಡಿದ ಮಾಲೀಕರು ತೊಳೆ ಎಣಿಸಲಿಲ್ಲ.

"ನನಗೂ ಹಗುರ ಅನ್ನಿಸಿತ್ತು," ಅಂದೆ. ಬಾಯಿ ತಪ್ಪಿ ಬಂತು.

"ಏನು?"

"ಆ ಗ್ಲೋಬು. ವಾರ್ನಿಷ್ ಬಳಿಯುವಾಗ ಕೈಗೆ ಹಗುರ ಅನ್ನಿಸಿತ್ತು. ನೀನು ಅಳ್ತಾ ಇದ್ದೆ. ಸುಮ್ಮನಾದೆ."

ಅವಳು ನನ್ನನ್ನು ನೋಡಿದ ನೋಟಕ್ಕೆ ಕೆಳಗೆ ಸಮುದ್ರ ಇಲ್ಲದಿದ್ದರೆ ಇಳಿದು ಹೋಗಿಬಿಡುತ್ತಿದ್ದೆ. ಒಂದು ಗಂಟು ಕಳೆಯುವವರೆಗೆ ನನ್ನೊಂದಿಗೆ ಮಾತಿಲ್ಲ. ವಿಚಿತ್ರವೆಂದರೆ ದ್ವೀಪಗಳಿಂದ ಮುಂದೆ ಅವಳ ನೂಲು ನಿಮಿಷವೂ ತಪ್ಪಲಿಲ್ಲ. ಏಳು ಗಂಟು, ಏಳು ತಾಸು. ಏಳನೆಯದು ಬೆರಳಿನಿಂದ ಜಾರುವಾಗ ಚಕ್ರ ನೆಲ ಮುಟ್ಟಿತು. ಬೇರೆ ದಿನವಾಗಿದ್ದರೆ ವಿಮಾನದಲ್ಲಿ ಎಲ್ಲರನ್ನೂ ಎಬ್ಬಿಸಿ ಹೇಳುತ್ತಿದ್ದಳು. ಅವತ್ತು ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. "ಅಕ್ಕನ ಮುಖ ಹ್ಯಾಗೆ ನೋಡ್ಲಿ ರೀ?" ಅಂದಳು.

ಅಕ್ಕ ನಮ್ಮನ್ನು ಕರೆದೊಯ್ದು ಮಲಗಿಸಿದಳು. ದಾರಿಯಲ್ಲಿ ಮಾತಾಡಿದವನು ನಾನೊಬ್ಬನೇ, ಅದೂ ಬರೀ ರಸ್ತೆ ಚೆನ್ನಾಗಿದೆ ಅಂತ. ಬೆಳಿಗ್ಗೆ ಎದ್ದು ನೋಡಿದರೆ ಮೂರನೇ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಬಳಿ ಹಳೆಯ ಉಜ್ಜುವ ಚಕ್ರ, ಮರದ ತಟ್ಟೆಗಳಲ್ಲಿ ಬಿಲ್ಲೆ ಬಿಲ್ಲೆ ಗಾಜು, ಒಂದೊಂದರ ನಡುವೆಯೂ ತೆಳು ಕಾಗದ. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಮೂವರೂ ಟೀ ಮುಂದಿಟ್ಟುಕೊಂಡು ಕೂತೆವು.

"ಅಕ್ಕ, ಆವತ್ತು ಬಾಗಿಲಲ್ಲಿ ನಿಂಗೆ ಕೇಳಬಾರದ್ದು ಕೇಳಿದೆ," ಎಂದು ನನ್ನವಳು ಶುರುಮಾಡಿದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು, ಚಿಕ್ಕ ಚೆಂಡು, ಹನ್ನೊಂದು ತೊಳೆ, ಏಪ್ರನ್ ಜೇಬು. "ನನ್ನ ತಪ್ಪು. ನಿನ್ನನ್ನ ಅಷ್ಟು ದೂರ ಕಳಿಸಿದ್ದೂ ನಾನೇ, ತಡ ಆಯ್ತು ಅಂತ ಹನ್ನೆರಡು ವರ್ಷ ದೂರಿದ್ದೂ ನಾನೇ. ಅಮ್ಮ ಬಾಗಿಲು ನೋಡ್ತಾ ಹೋದ್ರು. ನಾಲ್ಕಕ್ಕೆ ಅಂತ ನಾನೇ ಹೇಳಿದ್ದೆ."

ಅಕ್ಕ ಲೋಟ ಕೆಳಗಿಟ್ಟು ಎದ್ದಳು. ಚಕ್ರದ ಕೆಳಗಿನ ಖಾನೆ ಎಳೆದು, ಗಾಜಿನ ಬಿಲ್ಲೆಗಳ ಅಡಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಎರಡು ತುದಿ ಚೂಪು, ನಡು ಅಗಲ. ಅಂಚಿಂದ ಅಂಚಿಗೆ ನೀಲಿ, ಒಂದು ಚುಕ್ಕೆ ನೆಲವಿಲ್ಲ. ಮಡಿಸಿದಲ್ಲಿ ಬಣ್ಣ ಬಿಟ್ಟು ಬಿಳಿ ಗೆರೆ ಬಿದ್ದಿತ್ತು.

"ಮೂರು ಗಂಟೆ ಇಪ್ಪತ್ತು ನಿಮಿಷ ಎಲ್ಲಿ ಕಳೆದೆ ಅಂತ ಕೇಳಿದ್ಯಲ್ಲ," ಅಂದಳು. "ಇಲ್ಲಿದೆ."

ನನ್ನ ಹೆಂಡತಿ ಅದನ್ನು ಮುಟ್ಟಲಿಲ್ಲ, ನೋಡುತ್ತಲೇ ಇದ್ದಳು.

"ನಿನ್ನ ಏಪ್ರನ್ ಒಗೆಯುವಾಗ ಜೇಬಲ್ಲಿ ಸಿಕ್ತು. ತುದೀಲಿ ಒಂಬತ್ತನೇ ತೊಳೆ ಅಂತ ಅಚ್ಚಾಗಿತ್ತು, ನೋಡು. ಚೆನ್ನಾಗಿದೆ ಅಂತ ಪುಸ್ತಕದೊಳಗೆ ಇಟ್ಕೊಂಡೆ. ಎರಡು ವರ್ಷ ಆದ್ಮೇಲೆ ಆ ಕೆಲಸದ ಪತ್ರ ಬಂತಲ್ಲ, ಅಮ್ಮ ಏನಂತಾರೋ ಅಂತ ನಾನೇ ಮೊದಲು ಕದ್ದು ಗ್ಲೋಬ್ ನೋಡಿದೆ. ಗಾಜು ನೋಡೋ ಕಣ್ಣು ನಂದು. ಬೆಳಕಿಗೆ ಓರೆಯಾಗಿ ಹಿಡಿದ್ರೆ ಎಂಥಾ ವಾರ್ನಿಷ್ ಅಡೀಲೂ ಗೆರೆ ಕಾಣುತ್ತೆ. ಎಣಿಸಿದೆ, ಹನ್ನೊಂದು. ನನ್ನ ಪುಸ್ತಕದಲ್ಲಿರೋದು ನಮ್ಮ ಕಡಲು ಅಂತ ಆವಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಅಮ್ಮ ಬಿಡ್ತಿರ್ಲಿಲ್ಲ. 'ಎಂಟು' ಅಂತ ನೀನು ಹೇಳಲಿ ಅಂತ ಗೋಡೆಗೆ ಒರಗಿ ಕಾಯ್ತಾ ನಿಂತಿದ್ದೆ. ನಂಗೆ ಹೋಗಬೇಕಿತ್ತು ಕಣೇ. ಅಷ್ಟು ಹೋಗಬೇಕಿತ್ತು." ಅಕ್ಕ ಕಣ್ಣೊರೆಸಿಕೊಂಡಳು. "ಆಮೇಲೆ ಬಂದಾಗಲೆಲ್ಲ ನೀನು ಎಷ್ಟು ತಾಸು ಅಂತ ಪೀಡಿಸ್ತಿದ್ದೆ. ನಿದ್ದೆ ಬಂತು ಅಂತಿದ್ದೆ. ಒಂದು ಸಲಾನೂ ವಿಮಾನದಲ್ಲಿ ನಿದ್ದೆ ಮಾಡಿಲ್ಲ ನಾನು."

"ಆವತ್ತು ಬಾಗಿಲಲ್ಲಾದ್ರೂ ಹೇಳಬಹುದಿತ್ತಲ್ಲ ಅಕ್ಕ. ನಾನು ನಿನ್ನನ್ನ ಏನೆಲ್ಲಾ ಅಂದ್ಕೊಂಡೆ!"

"ಏನಂತ ಹೇಳ್ಲಿ? ಅಮ್ಮ ಒಳಗೆ ಮಲಗಿದ್ರು. ನಿನ್ನ ಅಳತೆ ತಪ್ಪು ಅಂತ ಹೇಳ್ಲಾ? ಗೊತ್ತಿದ್ದೂ ಹೋಗಿದ್ದೆ ಅಂತ ಹೇಳ್ಲಾ? ಚೀಲದಲ್ಲೇ ಇತ್ತು ಇದು. ದಾರಿಯುದ್ದಕ್ಕೂ ಕೈಯಲ್ಲಿ ಹಿಡ್ಕೊಂಡು ಬಂದಿದ್ದೆ. ನಾಲ್ಕಕ್ಕೆ ನೀನು ಬಾಗಿಲು ತೆಗೆದಿಡ್ತೀಯ ಅಂತ ಗೊತ್ತಿತ್ತು, ಅಮ್ಮ ನೋಡ್ತಿರ್ತಾರೆ ಅಂತಾನೂ ಗೊತ್ತಿತ್ತು. ನಾನು ಮಾತ್ರ ಈ ನೀರಿನ ಮೇಲಿದ್ದೆ."

ನಾನು ಕಿಟಕಿಯ ಕಡೆ ತಿರುಗಿದೆ. ನನ್ನವಳು ಕೂಗಾಡುತ್ತಾಳೆ, ಇಲ್ಲವೇ ಗೊಳೋ ಎಂದು ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕೈಚೀಲದಿಂದ ನೂಲು ತೆಗೆದು ಆ ತೊಳೆಯ ನಡುವಿಗೆ ಅಡ್ಡಲಾಗಿ ಎಳೆದಳು. ಮೂರು ಗಂಟು, ಮೇಲೊಂದು ಚೂರು.

"ಯಾವ ಅಂಚು ನಮ್ಮ ದಡದ ಕಡೇದು?" ಕೇಳಿದಳು.

"ಇದು," ಎಂದು ಅಕ್ಕ ಎಡದ ಅಂಚು ತೋರಿಸಿದಳು.

"ಅಮ್ಮ ಹೋಗಿದ್ದು ಐದಕ್ಕೆ. ವಿಮಾನ ಏಳಕ್ಕೆ ಎದ್ದಿದ್ದು, ಐದಕ್ಕೆ ಹತ್ತು ತಾಸು." ತುಟಿಯಲ್ಲೇ ಎಣಿಸಿದಳು. "ಆಗ ಎಲ್ಲಿದ್ದೆ ಅಕ್ಕ? ತೋರಿಸು."

ಅಕ್ಕ ಬಹಳ ಹೊತ್ತು ನೋಡಿ ಆ ನೀಲಿಯ ಮೇಲೆ ಬೆರಳಿಟ್ಟಳು. ನನ್ನ ಹೆಂಡತಿ ತನ್ನ ಬೆರಳನ್ನು ಅದರ ಪಕ್ಕದಲ್ಲಿಟ್ಟು ಅಲ್ಲಿಂದ ದಡದ ಅಂಚಿನವರೆಗೆ ನೂಲು ಎಳೆದಳು. ಒಂದು ಗಂಟು ಪೂರ್ತಿಯಾಗಿ ಇನ್ನೊಂದು ಬರುವಷ್ಟರಲ್ಲಿ ಕಾಗದ ಮುಗಿದುಹೋಯಿತು.

"ಅಷ್ಟು ಹತ್ತಿರ ಬಂದುಬಿಟ್ಟಿದ್ದೆಯಲ್ಲ ಅಕ್ಕ," ಅಂದಳು.